ವೇಲಾ ಎಕ್ಸ್-1: ಒಂದು ರೋಹಿತದಲ್ಲಿ ಮೂರು ಜಾಗಗಳನ್ನು ಓದುವ ಬಗೆ

ನ್ಯೂಟ್ರಾನ್ ನಕ್ಷತ್ರವಿರುವ ನಕ್ಷತ್ರಜೋಡಿಯ ಎಕ್ಸ್-ರೇ ರೋಹಿತ, ಅಂದರೆ ಯಾವ ಶಕ್ತಿಯಲ್ಲಿ ಎಷ್ಟು ಎಕ್ಸ್-ರೇ ಬರುತ್ತದೆ ಎಂಬುದರ ಚಿತ್ರ, ನಮಗೆ ಒಂದೇ ವಕ್ರರೇಖೆಯಾಗಿ ಸಿಗುತ್ತದೆ. ಆದರೆ ಅದರ ಒಂದು ಭಾಗ ನಕ್ಷತ್ರದ ಕಾಂತಧ್ರುವದ ಹತ್ತಿರ ರೂಪುಗೊಂಡಿದ್ದರೆ, ಇನ್ನೊಂದು ಭಾಗ ಲಕ್ಷಾಂತರ ಕಿಲೋಮೀಟರ್ ದೂರದ ಅನಿಲದಲ್ಲಿ ಹುಟ್ಟಿರುತ್ತದೆ, ಮತ್ತೊಂದು ಭಾಗವನ್ನು ದಾರಿಯಲ್ಲಿರುವ ಅನಿಲ ಹೀರಿಕೊಂಡಿರುತ್ತದೆ. ಆದ್ದರಿಂದ ಯಾವುದೇ ರೇಖೆಯನ್ನು, ಅಂದರೆ ಒಂದು ನಿರ್ದಿಷ್ಟ ಶಕ್ತಿಯ ಬಳಿ ಕಾಣುವ ಉಬ್ಬು ಅಥವಾ ತಗ್ಗನ್ನು, ಕಂಡಾಗ ಅದು ಯಾವ ಧಾತುವಿನದು ಎಂಬುದರ ಜೊತೆಗೆ, ಅದು ಎಲ್ಲಿ ಹುಟ್ಟಿತು ಎಂದೂ ಕೇಳಬೇಕು. ಈ ಟಿಪ್ಪಣಿಯಲ್ಲಿ ವೇಲಾ ಎಕ್ಸ್-1 ಎಂಬ ಒಂದೇ ಜೋಡಿಯನ್ನು ಹಿಡಿದು ಈ ಪ್ರಶ್ನೆಯನ್ನು ಬಿಡಿಸಿ ನೋಡೋಣ.

ಈ ಜೋಡಿಯಲ್ಲಿ 283 ಸೆಕೆಂಡುಗಳಿಗೊಮ್ಮೆ ತಿರುಗುವ ನ್ಯೂಟ್ರಾನ್ ನಕ್ಷತ್ರವೊಂದು ಎಚ್‌ಡಿ 77581 ಎಂಬ ಬಿ ವರ್ಗದ ನೀಲಿ ಮಹಾದೈತ್ಯವನ್ನು ಸುಮಾರು 8.96 ದಿನಗಳಿಗೊಮ್ಮೆ ಸುತ್ತುತ್ತದೆ. ಎರಡರ ನಡುವಿನ ಅಂತರ ಸೂರ್ಯನಿಗೂ ಭೂಮಿಗೂ ಇರುವ ಅಂತರದ ಕಾಲು ಭಾಗದಷ್ಟೇ ಇರುವುದರಿಂದ, ನ್ಯೂಟ್ರಾನ್ ನಕ್ಷತ್ರವು ಮಹಾದೈತ್ಯ ಹೊರಹಾಕುವ ದಟ್ಟವಾದ ನಕ್ಷತ್ರಮಾರುತದ ಒಳಗೇ ಸದಾ ಚಲಿಸುತ್ತಿರುತ್ತದೆ. ಅದು ಸೆಳೆದುಕೊಂಡ ಅನಿಲವನ್ನು ಬಲವಾದ ಕಾಂತಕ್ಷೇತ್ರವು ಧ್ರುವಗಳತ್ತ ಹರಿಸುತ್ತದೆ. ಹಾಗೆ ಬೀಳುವ ದ್ರವ್ಯವು ತನ್ನ ದ್ರವ್ಯರಾಶಿಗೆ ಸಮನಾದ ಶಕ್ತಿಯ ಹತ್ತರಿಂದ ಇಪ್ಪತ್ತು ಶೇಕಡಾದಷ್ಟನ್ನು ಬಿಟ್ಟುಕೊಡುತ್ತದೆ. ಹೈಡ್ರೋಜನ್ ಸಮ್ಮಿಲನದಲ್ಲಿ ಈ ಪ್ರಮಾಣ 0.7 ಶೇಕಡಾ ಮಾತ್ರ ಎಂಬುದನ್ನು ನೆನೆದರೆ, ಇಂಥ ಜೋಡಿಗಳು ಎಕ್ಸ್-ರೇ ಆಕಾಶದಲ್ಲಿ ಇಷ್ಟು ಪ್ರಖರವಾಗಿ ಕಾಣುವುದೇಕೆ ಎಂಬುದು ತಿಳಿಯುತ್ತದೆ.

ರೇಖೆಗಳಿಗೆ ಹೋಗುವ ಮುನ್ನ ಉಪಕರಣದ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ಸಂವೇದಕವು ದಾಖಲಿಸುವುದು ಬಂದ ಫೋಟಾನುಗಳ ನಿಜವಾದ ರೋಹಿತವನ್ನಲ್ಲ. ಒಂದೇ ಶಕ್ತಿಯ ಫೋಟಾನುಗಳು ಹಲವು ಚಾನೆಲ್‌ಗಳಲ್ಲಿ ಹರಡಿ ದಾಖಲಾಗುತ್ತವೆ, ಮತ್ತು ಆ ಹರಡಿಕೆಯನ್ನು ಹಿಂದಕ್ಕೆ ಬಿಡಿಸಿ ಮೂಲವನ್ನು ಪಡೆಯುವ ನಂಬಲರ್ಹವಾದ ನೇರದಾರಿಯಿಲ್ಲ. ಹೀಗಾಗಿ ನಾವು ಮೊದಲು ಒಂದು ಮಾದರಿಯನ್ನು ಊಹಿಸಿ, ಅದನ್ನು ಉಪಕರಣದ ಪ್ರತಿಕ್ರಿಯಾ ಮಾತೃಕೆಯ, ಅಂದರೆ ಆ ಹರಡಿಕೆಯನ್ನು ಹೇಳುವ ಕೋಷ್ಟಕದ, ಮೂಲಕ ಹಾಯಿಸಿ, ಬಂದ ಫಲವನ್ನು ದತ್ತಾಂಶದೊಡನೆ ಹೋಲಿಸುತ್ತೇವೆ. ಇದರಿಂದ ಹೊರಡುವ ಎಚ್ಚರಿಕೆಯನ್ನು ಹೊಸದಾಗಿ ಕಲಿಯುವವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಮಾದರಿ ಚೆನ್ನಾಗಿ ಹೊಂದಿಕೊಂಡಿತು ಎಂದ ಮಾತ್ರಕ್ಕೆ ಅದರ ಭೌತಶಾಸ್ತ್ರ ಸರಿಯೆಂದು ಸಾಬೀತಾಗುವುದಿಲ್ಲ.

ಧ್ರುವದ ಬಳಿಯ ಬಿಸಿ ಎಲೆಕ್ಟ್ರಾನುಗಳು ಫೋಟಾನುಗಳಿಗೆ ಮತ್ತೆ ಮತ್ತೆ ಶಕ್ತಿ ತುಂಬುವುದರಿಂದ ಅವಿಚ್ಛಿನ್ನ ರೋಹಿತವು, ಅಂದರೆ ರೇಖೆಗಳನ್ನು ಬಿಟ್ಟು ಉಳಿಯುವ ನಯವಾದ ಹಿನ್ನೆಲೆಯು, ಘಾತ ನಿಯಮವನ್ನು (ಶಕ್ತಿಯ ಒಂದು ನಿಗದಿತ ಘಾತಕ್ಕೆ ತಕ್ಕಂತೆ ಇಳಿಯುವುದನ್ನು) ಅನುಸರಿಸುತ್ತ ಸಾಗಿ, ಹೆಚ್ಚಿನ ಶಕ್ತಿಯಲ್ಲಿ ಥಟ್ಟನೆ ಇಳಿಯುತ್ತದೆ. ಕಡಿಮೆ ಶಕ್ತಿಯ ತುದಿಯನ್ನು ದಾರಿಯಲ್ಲಿರುವ ಅನಿಲ ಹೀರಿಕೊಳ್ಳುತ್ತದೆ. ವೇಲಾ ಎಕ್ಸ್-1ರಲ್ಲಿ ಈ ಹೀರಿಕೆ ಕಕ್ಷೆಯ ಹಂತಕ್ಕೆ ತಕ್ಕಂತೆ ಬಹಳ ಬದಲಾಗುತ್ತದೆ. ಕಡಿಮೆ ಶಕ್ತಿಯ ದತ್ತಾಂಶವಿಲ್ಲದೆ ಹೊಂದಿಸಲು ಹೊರಟರೆ, ಘಾತ ನಿಯಮದ ಇಳಿಜಾರು ಮತ್ತು ಹೀರಿಕೆಯ ಪ್ರಮಾಣ ಒಂದರ ಬದಲಿಗೆ ಇನ್ನೊಂದು ನಿಂತು, ಯಾವುದು ಎಷ್ಟು ಎಂದು ಬೇರ್ಪಡಿಸಲಾಗದಂತಾಗುತ್ತದೆ.

ಈಗ ಕಬ್ಬಿಣದ ರೇಖೆಯನ್ನು ನೋಡೋಣ. 7.1 ಕಿಲೋ ಎಲೆಕ್ಟ್ರಾನ್-ವೋಲ್ಟ್‌ಗಿಂತ, ಅಂದರೆ 7.1 ಕೆಇವಿಗಿಂತ, ಹೆಚ್ಚು ಶಕ್ತಿಯುಳ್ಳ ಫೋಟಾನು ತಣ್ಣಗಿನ ಕಬ್ಬಿಣದ ಪರಮಾಣುವಿಗೆ ಬಡಿದು ಅತ್ಯಂತ ಒಳಗಿನ ಕವಚದ ಎಲೆಕ್ಟ್ರಾನನ್ನು ಕಿತ್ತು ಹಾಕಬಲ್ಲದು. ಖಾಲಿಯಾದ ಜಾಗಕ್ಕೆ ಮೇಲಿನ ಕವಚದ ಎಲೆಕ್ಟ್ರಾನು ಇಳಿದಾಗ, ಸುಮಾರು ಮೂರರಲ್ಲಿ ಒಂದು ಬಾರಿ ಪ್ರತಿದೀಪ್ತಿಯ ಫೋಟಾನು ಹೊಮ್ಮುತ್ತದೆ. ಅಂಥವುಗಳಲ್ಲಿ ಬಹುಪಾಲಿನ ಶಕ್ತಿ 6.4 ಕೆಇವಿ. ಎರಡೇ ಎಲೆಕ್ಟ್ರಾನು ಉಳಿದ ಕಬ್ಬಿಣದ ರೇಖೆ 6.7 ಕೆಇವಿಯ ಬಳಿ, ಒಂದೇ ಉಳಿದದ್ದರ ರೇಖೆ 6.97 ಕೆಇವಿಯ ಬಳಿ ಬೀಳುತ್ತದೆ. ವೇಲಾ ಎಕ್ಸ್-1ರಲ್ಲಿ 6.4ರ ರೇಖೆಯೇ ಎದ್ದು ಕಾಣುವುದರಿಂದ, ಎಕ್ಸ್-ರೇಗಳು ಹೆಚ್ಚು ಅಯಾನೀಕರಣಗೊಳ್ಳದ, ಅಂದರೆ ಎಲೆಕ್ಟ್ರಾನುಗಳನ್ನು ಹೆಚ್ಚು ಕಳೆದುಕೊಳ್ಳದ, ಅನಿಲವನ್ನು ಬೆಳಗಿಸುತ್ತಿವೆ ಎಂಬುದು ಖಚಿತ.

ಆ ಅನಿಲ ಎಲ್ಲಿದೆ ಎಂಬುದಕ್ಕೆ ಗ್ರಹಣವೇ ಉತ್ತರ ಕೊಡುತ್ತದೆ, ಮತ್ತು ಈ ಜೋಡಿಯಿಂದ ಕಲಿಯಬಹುದಾದ ಅತ್ಯಂತ ಸುಂದರವಾದ ಪಾಠ ಇದೇ ಎಂಬುದು ನನ್ನ ಭಾವನೆ. ಪ್ರತಿ ಸುತ್ತಿನಲ್ಲೂ ನ್ಯೂಟ್ರಾನ್ ನಕ್ಷತ್ರ ಮಹಾದೈತ್ಯದ ಹಿಂದೆ ಮರೆಯಾದಾಗ ಅವಿಚ್ಛಿನ್ನ ರೋಹಿತ ತೀವ್ರವಾಗಿ ಕುಗ್ಗುತ್ತದೆ. ಕಬ್ಬಿಣದ ರೇಖೆಯೂ ಕುಗ್ಗುತ್ತದೆ, ಆದರೆ ಅಷ್ಟು ಪ್ರಮಾಣದಲ್ಲಿ ಅಲ್ಲ. ಅದರ ಪರಿಣಾಮವಾಗಿ, ಹಿನ್ನೆಲೆಗೆ ಹೋಲಿಸಿ ರೇಖೆಯ ಬಲವನ್ನು ಹೇಳುವ ‘ಸಮಾನ ಅಗಲ’ವು ನೂರು ಎಲೆಕ್ಟ್ರಾನ್-ವೋಲ್ಟ್‌ಗಳ ಆಸುಪಾಸಿನಿಂದ ಹಲವು ನೂರಕ್ಕೆ ಏರುತ್ತದೆ. ರೇಖೆ ಪೂರ್ತಿಯಾಗಿ ಧ್ರುವದ ಬಳಿಯೇ ಹುಟ್ಟಿದ್ದರೆ ಎರಡೂ ಒಟ್ಟಿಗೆ ಮರೆಯಾಗಬೇಕಿತ್ತು. 1999ರಲ್ಲಿ ಉಡಾವಣೆಯಾದ ‘ಚಂದ್ರ’ ಎಂಬ ಎಕ್ಸ್-ರೇ ಬಾಹ್ಯಾಕಾಶ ವೀಕ್ಷಣಾಲಯದ ಗ್ರೇಟಿಂಗ್ ಉಪಕರಣವು (ಎಕ್ಸ್-ರೇಗಳನ್ನು ಶಕ್ತಿಗೆ ತಕ್ಕಂತೆ ಹರಡಿ ತೋರಿಸುವಂಥದ್ದು) ಇದೇ ಗ್ರಹಣದಲ್ಲಿ ಮೆಗ್ನೀಸಿಯಂ, ಸಿಲಿಕಾನ್, ಗಂಧಕಗಳ ಹೆಚ್ಚು ಅಯಾನೀಕೃತ ರೇಖೆಗಳನ್ನೂ ತಣ್ಣಗಿನ ಪ್ರತಿದೀಪ್ತಿ ರೇಖೆಗಳನ್ನೂ ಒಟ್ಟಿಗೆ ತೋರಿಸಿತು. ಬಿಸಿ ಅನಿಲ ಮತ್ತು ತಣ್ಣಗಿನ ಅನಿಲ ಎರಡೂ ಒಂದೇ ಮಾರುತದಲ್ಲಿ ಇರಬೇಕಾದರೆ, ಆ ಮಾರುತವು ವಿರಳ ಅನಿಲದ ನಡುವೆ ದಟ್ಟ ಮುದ್ದೆಗಳನ್ನು ಹೊತ್ತು ಸಾಗುತ್ತಿರಬೇಕು ಎಂಬುದು ಸಹಜವಾದ ವಿವರಣೆ.

ಇನ್ನೊಂದು ತುದಿಯಲ್ಲಿ, ಧ್ರುವದ ಹತ್ತಿರವೇ ರೂಪುಗೊಳ್ಳುವ ಸೈಕ್ಲೋಟ್ರಾನ್ ರೇಖೆಯಿದೆ. ಬಲವಾದ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನಿನ ಅಡ್ಡ ಚಲನೆಯ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ; ಮೆಟ್ಟಿಲಿನ ಎತ್ತರಕ್ಕೆ ಸರಿಹೊಂದುವ ಫೋಟಾನುಗಳು ಚದುರಿ ಹೋಗುವುದರಿಂದ ರೋಹಿತದಲ್ಲಿ ತಗ್ಗು ಬೀಳುತ್ತದೆ. ಇಂಥ ರೇಖೆ ಮೊದಲು ಕಂಡದ್ದು 1976ರ ಬಲೂನ್ ಹಾರಾಟವೊಂದರಲ್ಲಿ, ಯೋಖಿಮ್ ಟ್ರ್ಯೂಂಪರ್ ಅವರ ತಂಡ ಹರ್ಕ್ಯುಲಿಸ್ ಎಕ್ಸ್-1 ಎಂಬ ಇನ್ನೊಂದು ನ್ಯೂಟ್ರಾನ್ ನಕ್ಷತ್ರದ ಜೋಡಿಯನ್ನು ವೀಕ್ಷಿಸಿದಾಗ. ಲೆಕ್ಕ ಸರಳ: ಕೆಇವಿಯಲ್ಲಿ ರೇಖೆಯ ಶಕ್ತಿಯನ್ನು 11.6ರಿಂದ ಭಾಗಿಸಿ, ಗುರುತ್ವದ ಕೆಂಪು ಪಲ್ಲಟಕ್ಕಾಗಿ (ನಕ್ಷತ್ರದ ಗುರುತ್ವದಿಂದ ಹೊರಬರುವಾಗ ಫೋಟಾನು ಕಳೆದುಕೊಳ್ಳುವ ಶಕ್ತಿಗಾಗಿ) ಸುಮಾರು 1.3ರಿಂದ ಗುಣಿಸಿದರೆ ಕಾಂತಕ್ಷೇತ್ರವು ಲಕ್ಷ ಕೋಟಿ ಗಾಸ್‌ಗಳಲ್ಲಿ ದೊರೆಯುತ್ತದೆ.

ವೇಲಾ ಎಕ್ಸ್-1ರಲ್ಲಿ 25 ಕೆಇವಿಯ ಬಳಿ ಒಂದು ಆಳವಿಲ್ಲದ ತಗ್ಗು, 55 ಕೆಇವಿಯ ಬಳಿ ಇನ್ನೊಂದು ಆಳವಾದ ತಗ್ಗು ಇವೆ. 25 ಮೂಲರೇಖೆಯಾದರೆ, ಅಂದರೆ ಅದು ಮೊದಲ ಮೆಟ್ಟಿಲಿನದಾಗಿ 55 ಎರಡನೆಯ ಮೆಟ್ಟಿಲಿನದಾದರೆ, ಕಾಂತಕ್ಷೇತ್ರ ಸುಮಾರು 2.8 ಲಕ್ಷ ಕೋಟಿ ಗಾಸ್. 55 ಮೂಲವಾದರೆ ಅದು 6 ಲಕ್ಷ ಕೋಟಿಯನ್ನು ದಾಟುತ್ತದೆ. ಮೊದಲ ತಗ್ಗು ನಿಜವೇ, ಇಲ್ಲ ಅವಿಚ್ಛಿನ್ನ ರೋಹಿತಕ್ಕೆ ಆರಿಸಿದ ಸೂತ್ರದ ಲೋಪವೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2012ರಲ್ಲಿ ಹಾರಿದ ನ್ಯೂಸ್ಟಾರ್ ಎಂಬ ಎಕ್ಸ್-ರೇ ದೂರದರ್ಶಕ ಎರಡನ್ನೂ ಸ್ಪಷ್ಟವಾಗಿ ತೋರಿಸಿತು. 25ರ ಮೂಲರೇಖೆಯೇ ಮಸುಕಾಗಿರುವುದಕ್ಕೆ ಕಾರಣವೂ ಇದೆ: ಎರಡನೆಯ ಮೆಟ್ಟಿಲಿಗೆ ಏರಿದ ಎಲೆಕ್ಟ್ರಾನು ಒಂದೊಂದೇ ಮೆಟ್ಟಿಲು ಇಳಿಯುವಾಗ ಹೊಮ್ಮುವ ಫೋಟಾನುಗಳ ಶಕ್ತಿ ಮೂಲರೇಖೆಯ ಶಕ್ತಿಗೆ ಹತ್ತಿರವಾಗಿದ್ದು, ಆ ತಗ್ಗನ್ನು ಅವೇ ಒಂದಿಷ್ಟು ತುಂಬಿಬಿಡುತ್ತವೆ.

2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಲ್ಯಾಕ್ಸ್‌ಪಿಸಿ ಎಂಬ ಉಪಕರಣವು 3ರಿಂದ 80 ಕೆಇವಿಯವರೆಗಿನ ವ್ಯಾಪ್ತಿಯನ್ನು ನೋಡುವಂಥದ್ದು. ಈ ಎರಡೂ ತಗ್ಗುಗಳು ಅದರೊಳಗೆ ಬರುತ್ತವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು 2024ರ ಜನವರಿ 1ರಂದು ಭಾರತದ ಉಪಗ್ರಹವಾದ ಎಕ್ಸ್‌ಪೋಸ್ಯಾಟ್‌ನಲ್ಲಿ ಹಾರಿದ ಪೋಲಿಕ್ಸ್, 8ರಿಂದ 30 ಕೆಇವಿಯಲ್ಲಿ ಎಕ್ಸ್-ರೇಗಳ ಧ್ರುವೀಕರಣವನ್ನು (ಅವುಗಳ ಅಲೆಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆ ಎಂಬುದನ್ನು) ಅಳೆಯಲು ಮಾಡಿದ ಉಪಕರಣ.

ಕಬ್ಬಿಣದ ರೇಖೆಯ ವಿಷಯದಲ್ಲಿ ಮುಂದಿನ ಹೆಜ್ಜೆ ವಿಭೇದನೆಯದು, ಅಂದರೆ ಹತ್ತಿರದ ಶಕ್ತಿಗಳನ್ನು ಬೇರ್ಪಡಿಸಿ ನೋಡುವುದರದು. ಸಾಮಾನ್ಯ ಸಿಸಿಡಿ ಸಂವೇದಕವು 6 ಕೆಇವಿಯ ಬಳಿ ಸುಮಾರು 130 ಎಲೆಕ್ಟ್ರಾನ್-ವೋಲ್ಟ್‌ಗಳ ಅಂತರವನ್ನಷ್ಟೇ ಬಿಡಿಸಬಲ್ಲದು. ಅನಿಲದ ಚಲನೆಯು ರೇಖೆಯ ಶಕ್ತಿಯನ್ನು ಸ್ವಲ್ಪ ಸರಿಸುವುದರಿಂದ ಈ ಅಂತರವನ್ನು ವೇಗವಾಗಿಯೂ ಹೇಳಬಹುದು; ವೇಗದ ಲೆಕ್ಕದಲ್ಲಿ ಅದು ಸೆಕೆಂಡಿಗೆ ಸುಮಾರು 6,000 ಕಿಲೋಮೀಟರ್. 2023ರಲ್ಲಿ ಹಾರಿದ ಜಪಾನಿನ ಕ್ರಿಸ್ಮ್ ಉಪಗ್ರಹದ ರಿಸಾಲ್ವ್ ಉಪಕರಣದ ವಿಭೇದನೆ ಸುಮಾರು 5 ಎಲೆಕ್ಟ್ರಾನ್-ವೋಲ್ಟ್, ಅಂದರೆ ಸೆಕೆಂಡಿಗೆ 230 ಕಿಲೋಮೀಟರಿನ ಆಸುಪಾಸು. ನಕ್ಷತ್ರಮಾರುತವು ಸೆಕೆಂಡಿಗೆ ಕೆಲವು ನೂರು ಕಿಲೋಮೀಟರ್ ವೇಗದಲ್ಲಿ ಬೀಸುವುದರಿಂದ, 6.4ರ ರೇಖೆಯನ್ನು ಹೊಮ್ಮಿಸುವ ಅನಿಲ ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದನ್ನು ಗ್ರಹಣಕ್ಕೆ ಕಾಯದೆ, ಕಕ್ಷೆಯ ಯಾವ ಹಂತದಲ್ಲಿ ಬೇಕಾದರೂ ರೇಖೆಯ ಆಕಾರದಿಂದಲೇ ಕೇಳಲು ಈ ವಿಭೇದನೆ ಸಾಕಾಗುತ್ತದೆ.