ಮೆದುಳಿನ ಒಲೆಯ ಬೂದಿ

ಹಿರಿಯೂರು ದಾಟಿ ಶಿರಾ ಕಡೆ ಬರುತ್ತಿದ್ದೆ. ಬೆಳಗಿನ ಜಾವ ಮೂರೂವರೆ. ರಸ್ತೆ ಮಧ್ಯೆ ಒಂದು ಎಮ್ಮೆ ನಿಂತಿತ್ತು. ಬ್ರೇಕ್ ಒತ್ತಿದೆ. ಕಾರು ವಾಲಾಡಿ, ಕಿರುಚಿ ನಿಂತಿತು. ಎಮ್ಮೆ ಇರಲೇ ಇಲ್ಲ.

ಆಗ ನಾನು ಯುಪಿಎಸ್ ರಿಪೇರಿ ಮಾಡುವ ಸರ್ವಿಸ್ ಎಂಜಿನಿಯರ್. ದಾವಣಗೆರೆಯಲ್ಲಿ ಬ್ರೇಕ್‌ಡೌನ್ ಕಾಲ್ ಮುಗಿದಾಗ ರಾತ್ರಿ ಒಂದೂವರೆ. ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ಇನ್ನೊಂದು ಕಾಲ್. ಹಿಂದಿನ ಸೀಟಿನಲ್ಲಿ ಹಳೇ ಬ್ಯಾಟರಿಗಳ ಪಕ್ಕ ಮಲಗಿದ್ದ ಹೆಲ್ಪರ್ ಹುಡುಗ ಬ್ರೇಕಿನ ಸದ್ದಿಗೆ ಎದ್ದು ಕೂತ. ವಿಷಯ ಕೇಳಿ, "ಸಾರ್, ಈ ಜಾಗ ಸರಿ ಇಲ್ಲ. ಬಲಿ ಕೇಳುತ್ತೆ ಅಂತಾರೆ" ಅಂದ. ಮರುದಿನ ಕಾರಿನ ಚಕ್ರದಡಿ ನಿಂಬೆಹಣ್ಣು, ಬಂಪರಿಗೆ ಮೆಣಸಿನಕಾಯಿ ಸರ. ಅವನ ಜೇಬಿನದೇ ದುಡ್ಡು, ಪಾಪ.

ಆ ಎಮ್ಮೆ ಬಂದದ್ದು ನನ್ನ ತಲೆಯೊಳಗಿಂದ. ಎಚ್ಚರಕ್ಕೂ ನಿದ್ದೆಗೂ ನಡುವೆ ಒಂದು ಹೊಸಿಲಿದೆ. ಆ ಹೊಸಿಲಿನ ಮೇಲೆ ನಿಂತಾಗ ಕಣ್ಣು ತೆರೆದಿರುತ್ತದೆ, ಆದರೆ ಕನಸಿನ ಚೂರುಗಳು ಒಳಗೆ ನುಗ್ಗಲು ಶುರುಮಾಡಿರುತ್ತವೆ. ರಸ್ತೆ ಬದಿಯ ಬಿಳಿ ಸೀರೆಯ ಮೋಹಿನಿ ಕತೆ ಎಷ್ಟು ಊರುಗಳಲ್ಲಿಲ್ಲ? ಅವಳು ಯಾಕೆ ಯಾವಾಗಲೂ ರಾತ್ರಿ ಎರಡರ ಮೇಲೆಯೇ ಬರುತ್ತಾಳೆ? ಬೆಳಿಗ್ಗೆ ಹನ್ನೊಂದಕ್ಕೆ, ನಿದ್ದೆ ಮಾಡಿ ಬಂದ ಬಸ್ ಡ್ರೈವರಿಗೆ ಯಾಕೆ ಕಾಣಿಸುವುದಿಲ್ಲ?

ಹೆಲ್ಪರ್ ಹುಡುಗನ ನಂಬಿಕೆ ನನಗೆ ಅಷ್ಟು ಸಿಟ್ಟು ತರಿಸುವುದಿಲ್ಲ. ಪ್ಯಾಂಟು ಶರ್ಟು ಹಾಕಿದ ಇನ್ನೊಂದು ಮೂಢನಂಬಿಕೆ ಇದೆ: "ಮನಸ್ಸು ಗಟ್ಟಿ ಇದ್ರೆ ನಿದ್ದೆ ಬರಲ್ಲ ಗುರು." ಲಿಫ್ಟ್ ಮೆಕ್ಯಾನಿಕ್, ಮೊಬೈಲ್ ಟವರಿನ ಹುಡುಗರು, ಆಸ್ಪತ್ರೆ ಸ್ಕ್ಯಾನರ್ ರಿಪೇರಿಯವರು, ಎಲ್ಲರೂ ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಗಾಡಿ ಹತ್ತುತ್ತಾರೆ. ಮೂತ್ರವನ್ನು ಎಷ್ಟು ಹೊತ್ತು ತಡೆದುಕೊಳ್ಳಬಹುದು? ನಿದ್ದೆಯದೂ ಸುಮಾರು ಅದೇ ಲೆಕ್ಕ. ಅದು ರಾಸಾಯನಿಕ ವಸ್ತು ತುಂಬಿಕೊಳ್ಳುವ ವಿಚಾರ.

ಈ ತುಂಬಿಕೊಳ್ಳುವ ಕತೆ ನನಗೆ ಬಹಳ ಇಷ್ಟ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

1909ರಲ್ಲಿ ಜಪಾನಿನ ಕುನಿಯೊಮಿ ಇಶಿಮೊರಿ, ಅವರ ಬಗ್ಗೆ ಗೊತ್ತಿಲ್ಲದೆಯೇ 1913ರ ಹೊತ್ತಿಗೆ ಫ್ರಾನ್ಸಿನ ಆನ್ರಿ ಪಿಯೆರಾನ್, ಹೆಚ್ಚು ಕಡಿಮೆ ಒಂದೇ ಪ್ರಯೋಗ ಮಾಡಿದರು. ನಾಯಿಗಳನ್ನು ದಿನಗಟ್ಟಲೆ ಮಲಗಲು ಬಿಡಲಿಲ್ಲ. ಆಮೇಲೆ ಅವುಗಳ ಮೆದುಳಿನ ದ್ರವ ತೆಗೆದು, ಚೆನ್ನಾಗಿ ನಿದ್ದೆ ಮಾಡಿದ್ದ ನಾಯಿಗಳಿಗೆ ಚುಚ್ಚಿದರು. ಆ ನಾಯಿಗಳೂ ತೂಕಡಿಸಿ ಬಿದ್ದುಕೊಂಡವು. ಕ್ರೂರ ಪ್ರಯೋಗ, ಒಪ್ಪಿದೆ. ಆದರೆ ಅದರ ಅರ್ಥ ಯೋಚಿಸಿ: ಒಂದು ಪ್ರಾಣಿಯ ನಿದ್ದೆಯನ್ನು ಸೂಜಿಯಲ್ಲಿ ತೆಗೆದು ಇನ್ನೊಂದಕ್ಕೆ ಹಾಕಬಹುದು! ನಿದ್ದೆಗೆಟ್ಟರೆ ತಲೆಯೊಳಗೆ ಏನೋ ಶೇಖರವಾಗುತ್ತದೆ. ಆ 'ಏನೋ'ಗಳಲ್ಲಿ ಒಂದು ಅಡಿನೋಸಿನ್. ಎಚ್ಚರವಾಗಿಟ್ಟ ಬೆಕ್ಕುಗಳ ಮೆದುಳಿನಲ್ಲಿ ಅದು ಗಂಟೆ ಗಂಟೆಗೂ ಏರುವುದನ್ನು 1997ರಲ್ಲಿ ಅಳೆದು ತೋರಿಸಿದರು.

ಇದು ಎಲ್ಲಿಂದ ಬರುತ್ತದೆ? ನಮ್ಮ ಜೀವಕೋಶಗಳು ಉರಿಸುವ ಸೌದೆಯ ಹೆಸರು ಎಟಿಪಿ, ಅಂದರೆ ಅಡಿನೋಸಿನ್ ಟ್ರೈಫಾಸ್ಫೇಟ್. ಸೌದೆ ಉರಿದ ಮೇಲೆ ಬೂದಿ ಉಳಿಯುತ್ತದೆ, ಅಲ್ವಾ? ಆ ಬೂದಿಯೇ ಅಡಿನೋಸಿನ್. ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿದಿರಿ. ಮಧ್ಯಾಹ್ನಕ್ಕೆ ಒಂದು ಹಿಡಿ ಬೂದಿ. ರಾತ್ರಿ ಹನ್ನೊಂದಕ್ಕೆ ಒಂದು ಮೊರ. ಬೂದಿ ತುಂಬಿದ ಒಲೆ ಸರಿಯಾಗಿ ಉರಿಯುವುದಿಲ್ಲ, ಬರೀ ಹೊಗೆ. ಊದುಕೊಳವೆ ಹಿಡಿದು ಎಷ್ಟು ಊದಿದರೂ ಎರಡು ನಿಮಿಷದ ಜ್ವಾಲೆ. ಬೂದಿ ಬಾಚಿ ಹಾಕಲೇಬೇಕು. ಆ ಬಾಚುವ ಕೆಲಸಕ್ಕೆ ನಿದ್ದೆ ಎಂದು ಹೆಸರು.

ಇನ್ನು ಕಾಫಿ. ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟ ಕತೆ ನಿಮಗೆ ಗೊತ್ತು. ಅದರೊಳಗಿನ ಕೆಫೀನ್ ಬೇರ್ಪಡಿಸಿದ ಕತೆಯೂ ಅಷ್ಟೇ ಚೆಂದ. ಜರ್ಮನಿಯ ಫ್ರೀಡ್ಲೀಬ್ ರುಂಗೆ ಎಂಬ ಹುಡುಗ 1819ರಲ್ಲಿ ಮಹಾಕವಿ ಗಯಟೆಯ ಮನೆಗೆ ಒಂದು ಬೆಕ್ಕು ಎತ್ತಿಕೊಂಡು ಹೋದ. ಗಿಡದ ರಸ ಹಾಕಿದರೆ ಬೆಕ್ಕಿನ ಕಣ್ಣುಪಾಪೆ ಹೇಗೆ ಹಿಗ್ಗುತ್ತದೆ ಎಂದು ತೋರಿಸಿದ. ಖುಷಿಯಾದ ಕವಿ ಒಂದಿಷ್ಟು ಕಾಫಿ ಬೀಜ ಕೊಟ್ಟು, ಇದರೊಳಗೆ ಏನಿದೆ ನೋಡು ಅಂದ. ರುಂಗೆ ನೋಡಿದ. ಕೆಫೀನ್ ಸಿಕ್ಕಿತು.

ಕೆಫೀನ್ ಬೂದಿ ಬಾಚುವುದಿಲ್ಲ. ಅದು ಮಾಡುವುದು ನಮ್ಮ ಬಸ್ ಸ್ಟ್ಯಾಂಡಿನ ಹಳೇ ವಿದ್ಯೆ: ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು. ಮೆದುಳಿನ ನರಕೋಶಗಳ ಮೇಲೆ ಅಡಿನೋಸಿನ್ ಬಂದು ಕೂರುವ ಸೀಟುಗಳಿವೆ. ಅದು ಕೂತಾಗ ಮಂಪರು. ಕೆಫೀನ್ ಮೊದಲೇ ನುಗ್ಗಿ ಟವೆಲ್ ಹಾಸಿಬಿಡುತ್ತದೆ. ಅಡಿನೋಸಿನ್ ಎಲ್ಲಿಗೂ ಹೋಗಿರುವುದಿಲ್ಲ, ಬಸ್ಸಿನೊಳಗೇ ಕಂಬಿ ಹಿಡಿದು ನಿಂತಿರುತ್ತದೆ. ಪ್ರತಿ ಸ್ಟಾಪಿನಲ್ಲೂ ಇನ್ನಷ್ಟು ಜನ ಹತ್ತುತ್ತಾರೆ. ಗಂಟೆಗಳು ಕಳೆದು ಟವೆಲ್ ಒಂದೊಂದೇ ಜಾರಿದಾಗ ನಿಂತವರೆಲ್ಲ ಒಟ್ಟಿಗೆ ಕೂರುತ್ತಾರೆ. ಚಿತ್ರದುರ್ಗದಲ್ಲಿ ಕುಡಿದ ಬೈಟು ಕಾಫಿ ತುಮಕೂರಿನ ಹತ್ತಿರ ಕೈಕೊಡುವುದು ಹೀಗೆ. ಇನ್ನೊಂದು ವಿಷಯ, ಕಾಫಿ ಕುಡಿದ ಕೂಡಲೇ ಟವೆಲ್ ಬೀಳುವುದಿಲ್ಲ. ಪೂರ್ತಿ ಕೆಲಸಕ್ಕೆ ಬರಲು ಅರ್ಧ ಗಂಟೆಯ ಹತ್ತಿರ ಬೇಕು.

ಈ ಅರ್ಧ ಗಂಟೆಯಲ್ಲೇ ಒಂದು ಉಪಾಯ ಇದೆ. ಇಂಗ್ಲೆಂಡಿನ ಲಫ್‌ಬರೋದಲ್ಲಿ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ 1990ರ ದಶಕದಲ್ಲಿ, ನಿದ್ದೆಗೆಟ್ಟವರನ್ನು ನಕಲಿ ಕಾರಿನಲ್ಲಿ ಕೂರಿಸಿ ಓಡಿಸಿ ನೋಡಿದರು. ಕಿಟಕಿ ತೆಗೆದು ತಣ್ಣನೆ ಗಾಳಿ, ಜೋರಾಗಿ ರೇಡಿಯೊ: ಎರಡರ ಉಪಕಾರವೂ ಅಷ್ಟಕ್ಕಷ್ಟೇ, ಅದೂ ಸ್ವಲ್ಪ ಹೊತ್ತು. ಚೆನ್ನಾಗಿ ಕೆಲಸ ಮಾಡಿದ್ದು ಕಾಫಿ ಕುಡಿದು ತಕ್ಷಣ ಹದಿನೈದು ನಿಮಿಷ ಕಣ್ಣು ಮುಚ್ಚುವುದು. ಸಣ್ಣ ಜೋಂಪು ಒಂದಿಷ್ಟು ಬೂದಿ ಬಾಚುತ್ತದೆ, ಏಳುವ ಹೊತ್ತಿಗೆ ಕೆಫೀನ್ ಬಂದು ಟವೆಲ್ ಹಾಸಿರುತ್ತದೆ. ಇಪ್ಪತ್ತು ನಿಮಿಷ ಮೀರಬೇಡಿ. ಗಾಢ ನಿದ್ದೆಗೆ ಜಾರಿ ಅರ್ಧಕ್ಕೆ ಎದ್ದರೆ ತಲೆ ಇನ್ನೂ ಭಾರ. ಎದ್ದ ಮೇಲೂ ಸ್ವಲ್ಪ ಹೊತ್ತು ಓಡಾಡಿ, ಆಮೇಲೆ ಕೀ ತಿರುಗಿಸಿ. ಬೈಕಿನಲ್ಲಿ ಹೋಗುವವರಿಗೆ ಪೆಟ್ರೋಲ್ ಬಂಕಿನ ಕಟ್ಟೆಯೇ ಗತಿ. ನಾಚಿಕೆ ಏನೂ ಬೇಡ.

ಈ ಕಾಫಿ-ಜೋಂಪಿನ ಉಪಯೋಗ ಒಂದೆರಡು ಗಂಟೆಗೆ ಮಾತ್ರ. ಯಾಕೆಂದರೆ ಬೂದಿ ಅರ್ಧ ಕತೆ, ಉಳಿದರ್ಧ ಗಡಿಯಾರ. 1729ರಲ್ಲಿ ಫ್ರಾನ್ಸಿನ ದ ಮೈರಾನ್ ನಮ್ಮ ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಕತ್ತಲಲ್ಲಿಟ್ಟ. ಬಿಸಿಲು ಕಾಣದಿದ್ದರೂ ಅದು ಹಗಲಲ್ಲಿ ಎಲೆ ಬಿಚ್ಚಿತು, ರಾತ್ರಿ ಮಡಚಿತು. ಗಡಿಯಾರ ಗಿಡದೊಳಗೇ ಇದೆ. ನಮ್ಮೊಳಗೂ ಇದೆ. ಗುಹೆಯ ಬಾವಲಿಗಳ ಇಂಥ ಗಡಿಯಾರವನ್ನು ಮದುರೈನಲ್ಲಿ ಅಧ್ಯಯನ ಮಾಡಿದ ಎಂ.ಕೆ. ಚಂದ್ರಶೇಖರನ್ ಮುಂದೆ ಬೆಂಗಳೂರಿನ ಜಕ್ಕೂರಿನ ನೆಹರು ಕೇಂದ್ರದಲ್ಲೂ ಕೆಲಸ ಮಾಡಿದರು. (ಅವರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವೇ ಆದೀತು.) ಈ ಗಡಿಯಾರ ರಾತ್ರಿ ಎರಡರಿಂದ ಐದರ ತನಕ ಮೈಯನ್ನು ಪಾತಾಳಕ್ಕೆ ಇಳಿಸುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ಸಣ್ಣ ಇಳಿಜಾರು. ಮುದ್ದೆ ಊಟವನ್ನು ಸುಮ್ನೆ ಬೈಯುತ್ತೇವೆ, ಉಪವಾಸ ಇದ್ದರೂ ಅದು ಬರುತ್ತದೆ. ಬೂದಿ ತುಂಬಿದ ಒಲೆ ಮತ್ತು ಪಾತಾಳದ ಗಡಿಯಾರ ಒಂದೇ ಹೊತ್ತಿಗೆ ಸೇರಿದಾಗ ಎಮ್ಮೆ ಬರುತ್ತದೆ.

ಅಥವಾ ಏನೂ ಬರುವುದಿಲ್ಲ, ಅದು ಇನ್ನೂ ಅಪಾಯ. ಮೂರು ನಾಲ್ಕು ಸೆಕೆಂಡು ಮೆದುಳು ಆಫ್ ಆಗುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 22 ಮೀಟರ್. ನಾಲ್ಕು ಸೆಕೆಂಡಿನಲ್ಲಿ ಸುಮಾರು 90 ಮೀಟರ್ ಗಾಡಿ ತಾನೇ ಓಡಿರುತ್ತದೆ, ಯಾರೂ ಓಡಿಸಿರುವುದಿಲ್ಲ. ರೈಲಿನ ಎಂಜಿನ್‌ನಲ್ಲಿ ಇದಕ್ಕೊಂದು ಯಂತ್ರ ಇದೆ. ಲೋಕೋ ಪೈಲಟ್ ಸುಮಾರು ಒಂದು ನಿಮಿಷ ಯಾವ ಗುಂಡಿಯನ್ನೂ ಮುಟ್ಟದಿದ್ದರೆ ಅದು ದೀಪ ಮಿನುಗಿಸಿ, ಬಜರ್ ಹೊಡೆದು, ಕೊನೆಗೆ ಬ್ರೇಕನ್ನೇ ಹಾಕಿಬಿಡುತ್ತದೆ. ಬೈಕಿನ ಹಿಂದೆ ಟೂಲ್ ಬ್ಯಾಗ್ ಕಟ್ಟಿಕೊಂಡು ಹೋಗುವವನಿಗೆ ಯಾರಿದ್ದಾರೆ?

ಆಗ ಕಾನೂನೂ ಇರಲಿಲ್ಲ. ಬಸ್ಸು ಲಾರಿ ನಡೆಸುವವರಿಗಾಗಿ 2025ರವರೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇತ್ತು. ದಿನಕ್ಕೆ ಎಂಟು ಗಂಟೆ, ಐದು ಗಂಟೆಗೊಮ್ಮೆ ವಿರಾಮ ಎಂದೆಲ್ಲ ಅದು ಹೇಳುತ್ತಿತ್ತು. ಸರ್ವಿಸ್ ಎಂಜಿನಿಯರ್ ಅದರ ಲೆಕ್ಕಕ್ಕೆ ಡ್ರೈವರೇ ಆಗಿರಲಿಲ್ಲ. ಅವನು ಗಾಡಿ ಓಡಿಸುವುದು ಎರಡು ಕೆಲಸಗಳ ನಡುವಿನ ಖಾಲಿ ಜಾಗದಲ್ಲಿ. ಟಿಎ ಬಿಲ್ಲಿನಲ್ಲಿ ಕಿಲೋಮೀಟರ್ ಬರೆಯುತ್ತಾನೆ, ಎಷ್ಟು ಹೊತ್ತಿನಿಂದ ಎಚ್ಚರ ಇದ್ದೆ ಎಂದು ಬರೆಯುವುದಿಲ್ಲ.

ಮುಖ್ಯವಾದ ಅಂಕಿ ಅದೇ. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ತೋರಿಸಿದ್ದು: 17 ಗಂಟೆ ಎಚ್ಚರ ಇದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ ಸುಮಾರು 100 ಮಿಲಿಗ್ರಾಂ. ನಮ್ಮ ಕಾನೂನಿನ ಮಿತಿ 30. ಆ ರಾತ್ರಿ ನಾನು ಎದ್ದು ಇಪ್ಪತ್ತೊಂದೂವರೆ ಗಂಟೆಯಾಗಿತ್ತು. ಪೊಲೀಸರು ಯಂತ್ರ ಬಾಯಿಗೆ ಹಿಡಿದಿದ್ದರೆ ಸೊನ್ನೆ ತೋರಿಸುತ್ತಿತ್ತು!

"ನಂಗೆ ಅಭ್ಯಾಸ ಆಗಿದೆ" ಅನ್ನುವವರಿಗೂ ಒಂದು ಮಾತು. 2003ರಲ್ಲಿ ಅಮೆರಿಕದಲ್ಲಿ ಕೆಲವರನ್ನು ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿಸಿ ಪರೀಕ್ಷೆ ಮಾಡಿದರು. ಅವರ ಚುರುಕು ದಿನದಿನಕ್ಕೂ ಕುಸಿಯಿತು, ಆದರೆ ಅವರನ್ನೇ ಕೇಳಿದರೆ ಅಂಥದ್ದೇನೂ ಆಗಿಲ್ಲ ಅನ್ನುತ್ತಿದ್ದರು. ಅಭ್ಯಾಸ ಆಗುವುದು ಮಂಪರಿಗೆ.

ಹಾಗಾಗಿ ಕಾಲ್ ಹಂಚುವವರು ಕೇಳಬೇಕಾದ್ದು "ಎಲ್ಲಿದೀಯಾ?" ಎಂದಲ್ಲ, "ಎಷ್ಟೊತ್ತಿಗೆ ಎದ್ದೆ?" ಎಂದು. ಹದಿನಾರು ಗಂಟೆ ದಾಟಿದ್ದರೆ ಲಾಡ್ಜ್ ಬಾಡಿಗೆ ಕೊಡಬೇಕು. ಶೀತದ ಮಾತ್ರೆ ನುಂಗಿದವನಿಗೆ ರಾತ್ರಿ ಕಾಲ್ ಕೊಡಬಾರದು, ಅವುಗಳಲ್ಲಿ ಕೆಲವು ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ.

ಎಮ್ಮೆ ಕಂಡ ಮೇಲೆ ನಾನು ಸರ್ವಿಸ್ ರಿಪೋರ್ಟಿನಲ್ಲಿ ಒಂದು ಕಾಲಂ ಸೇರಿಸಿದೆ. ಕಾಲ್ ಬಂದ ಸಮಯ, ಸೈಟ್ ತಲುಪಿದ ಸಮಯ, ಕಾಲ್ ಕ್ಲೋಸ್ ಆದ ಸಮಯ ಮೊದಲೇ ಅಚ್ಚಾಗಿದ್ದವು. ಅವುಗಳ ಪಕ್ಕದಲ್ಲಿ ಪೆನ್ನಿನಲ್ಲಿ 'ಎದ್ದ ಸಮಯ' ಎಂದು ಬರೆದು ತುಂಬತೊಡಗಿದೆ. ಮೂರನೇ ವಾರ ಮ್ಯಾನೇಜರ್ ಕರೆದು, "ಇದು ಕಸ್ಟಮರ್‌ಗೆ ಹೋಗೋ ಫಾರಂ ಕಣ್ರೀ, ಹೀಗೆಲ್ಲ ಗೀಚಬೇಡಿ" ಎಂದರು. ಅವರ ಕಾರಿನ ಮುಂದೆಯೂ ಒಂದು ನಿಂಬೆಹಣ್ಣು ನೇತಾಡುತ್ತಿತ್ತು.