ಬಿಲ್ ಕೈಯಲ್ಲಿದೆ, ಜಮಾ ಎಲ್ಲಿ? ಶಿರಸಿ ಅಡಿಕೆ ಪೇಟೆಯ ಜಿಎಸ್‌ಟಿ ಲೆಕ್ಕ

ಶಿರಸಿಯ ಅಡಿಕೆ ವ್ಯಾಪಾರಸ್ಥರು ಪ್ರತಿ ತಿಂಗಳು 14ನೇ ತಾರೀಕಿಗೆ ಕಾಯುತ್ತಾರೆ. ಅಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ, ಮಾರಿದವರು ಏರಿಸಿದ ಬಿಲ್‌ಗಳ 2ಬಿ ಎಂಬ ಪಟ್ಟಿ ಬರುತ್ತದೆ. ಖರೀದಿ ಮಾಡುವಾಗ ಕೊಟ್ಟ ತೆರಿಗೆಯಲ್ಲಿ ಎಷ್ಟು ಜಮಾ ಸಿಗುತ್ತದೆ, ಅಂದರೆ ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಎಷ್ಟು ಕಳೆಯಬಹುದು ಅಂತ ಗೊತ್ತಾಗೋದು ಅದರಲ್ಲೇ. ಬಿಲ್ ಫೈಲಿನಲ್ಲಿದೆ, ದುಡ್ಡು ಬ್ಯಾಂಕಿನಿಂದ ಹೋಗಿದೆ, ಮಾಲು ಗೋದಾಮಿಗೆ ಬಂದಿದೆ. ಆದರೂ ಆ ಬಿಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ಜಮಾ ಇಲ್ಲ.

ಈ ಪೇಟೆ ಮೂರು ತೆರಿಗೆ ಪದ್ಧತಿ ಕಂಡಿದೆ: 1957ರ ಮಾರಾಟ ತೆರಿಗೆ ಕಾಯ್ದೆ, 2005ರ ಏಪ್ರಿಲ್‌ನಿಂದ ವ್ಯಾಟ್, 2017ರ ಜುಲೈ 1ರಿಂದ ಜಿಎಸ್‌ಟಿ. ವ್ಯಾಟ್ ಕಾಲದಲ್ಲೂ ಖರೀದಿಯ ತೆರಿಗೆ ವಜಾ ಆಗುತ್ತಿತ್ತು. ಆದರೆ ಹೊರರಾಜ್ಯದಿಂದ ತರಿಸಿದ ಮಾಲಿಗೆ ಕೊಟ್ಟ ಸಿಎಸ್‌ಟಿ (ಕೇಂದ್ರ ಮಾರಾಟ ತೆರಿಗೆ) ಮಾತ್ರ ಕೊಟ್ಟಿದ್ದೇ ಬಂತು. ಜಿಎಸ್‌ಟಿ ಆ ತೊಂದರೆ ತೆಗೆಯಿತು. ಅದು ನಿಜಕ್ಕೂ ಒಳ್ಳೆಯ ಕೆಲಸ.

ಒಂದು ಲೆಕ್ಕ ಹಾಕೋಣ. ರೈತ ತನ್ನ ತೋಟದ ಅಡಿಕೆ ಮಾರಲು ಜಿಎಸ್‌ಟಿ ನೋಂದಣಿ ಬೇಕಿಲ್ಲ. ಮುಂದೆ ಒಬ್ಬ ವ್ಯಾಪಾರಿ ಇನ್ನೊಬ್ಬನಿಗೆ ಮಾರುವಾಗ ಒಣ ಅಡಿಕೆಗೆ ಶೇ. 5 ತೆರಿಗೆ. ಕ್ವಿಂಟಲ್ ಚಾಲಿ (ಸುಲಿದ ಒಣ ಅಡಿಕೆ) 40,000 ರೂಪಾಯಿ ಅಂತಿಟ್ಟುಕೊಳ್ಳಿ. ತೆರಿಗೆ 2,000. ಕೊಂಡವನು ಅದನ್ನು 42,000ಕ್ಕೆ ಗುಜರಾತಿಗೆ ಕಳಿಸಿದರೆ ಅಲ್ಲಿನ ಗಿರಾಕಿಯಿಂದ 2,100 ತೆರಿಗೆ ಬರುತ್ತದೆ. ಮೊದಲು ಕೊಟ್ಟ 2,000 ಜಮಾ ಸಿಕ್ಕರೆ ಸರ್ಕಾರಕ್ಕೆ ಕಟ್ಟೋದು ಬರೀ 100. ಸಿಗದಿದ್ದರೆ ಪೂರ್ತಿ 2,100. ಲಾಭ ಅಂತ ಇದ್ದದ್ದು 2,000. ಅಷ್ಟೂ ಅಲ್ಲಿಗೇ ಹೋಯಿತು, ಲಾರಿ ಬಾಡಿಗೆ, ಹಮಾಲಿ ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಜಿಎಸ್‌ಟಿ ಶುರುವಾದಾಗ ಸರ್ಕಾರ ಹೇಳಿದ್ದು ಬೇರೆ. ಮಾರಿದವನ ಪಟ್ಟಿ, ಕೊಂಡವನ ಪಟ್ಟಿ ಎರಡನ್ನೂ ಕಂಪ್ಯೂಟರೇ ತಾಳೆ ಹಾಕುತ್ತದೆ ಎಂದಿದ್ದರು. ಅದಕ್ಕೆ ಬೇಕಿದ್ದ ರಿಟರ್ನ್‌ಗಳು ನಡುವಲ್ಲೇ ನಿಂತವು, ತೆರಿಗೆ ಕಟ್ಟುವ 3ಬಿ ಎಂಬ ಸಂಕ್ಷಿಪ್ತ ಫಾರಂ ಉಳಿಯಿತು. ಆಗ ನಮ್ಮ ಖಾತೆ ಪುಸ್ತಕ ನೋಡಿಯೇ ಜಮಾ ಪಡೆಯುತ್ತಿದ್ದೆವು. ಸುಳ್ಳು ಬಿಲ್‌ಗಳ ಹಾವಳಿ ಜಾಸ್ತಿಯಾಯಿತು. 2019ರ ಅಕ್ಟೋಬರ್‌ನಲ್ಲಿ ಬಿಗಿ ಶುರು. ಮಾರಿದವನು ತೋರಿಸಿದ್ದಕ್ಕಿಂತ ಶೇ. 20ರಷ್ಟು ಮಾತ್ರ ಹೆಚ್ಚು ಜಮಾ. 2020ರ ಜನವರಿಗೆ ಅದು ಶೇ. 10, 2021ರ ಜನವರಿಗೆ ಶೇ. 5. 2022ರ ಜನವರಿ 1ರಿಂದ ಆ ಸಡಿಲವೂ ಇಲ್ಲ.

ಪೆಟ್ಟು ಬೀಳೋದು ಪ್ರಾಮಾಣಿಕವಾಗಿ ಕೊಂಡವನಿಗೆ. 5 ಕೋಟಿವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ಚಿಕ್ಕವರಿಗೆ ಅನುಕೂಲ ನಿಜ. ಆದರೆ ಅಂಥವರು ನಡುವಿನ ತಿಂಗಳುಗಳಲ್ಲಿ ಬಿಲ್ ವಿವರ ಏರಿಸದಿದ್ದರೆ ಕೊಂಡವನ ದುಡ್ಡು ಅಷ್ಟು ದಿನ ಸಿಕ್ಕಿಬೀಳುತ್ತದೆ. ಬೆಳೆ ಪೇಟೆಗೆ ಬರುವ ಸಮಯದಲ್ಲಿ ಒಂದೊಂದು ರೂಪಾಯಿಗೂ ಕೆಲಸ ಇರುತ್ತದೆ, ಅಲ್ವಾ?

ಮಾರಿದವನು ಬಿಲ್ ತೋರಿಸಿಯೂ ತೆರಿಗೆ ಕಟ್ಟದೇ ಹೋದರೆ? ಆಗಲೂ ಪಡೆದ ಜಮಾ ಹಿಂತಿರುಗಿಸಿ ಅಂತ ಕೊಂಡವನಿಗೇ ನೋಟಿಸ್ ಬರಬಹುದು. ಬೇರೆಯವನ ಗಲ್ಲಾಪೆಟ್ಟಿಗೆ ಕಾಯುವ ಕೆಲಸ ಇವನ ತಲೆಗೆ ಬಂತು. ಅದು ಇವನ ಕೈಲಿ ಆಗುವ ಕೆಲಸವೇ ಅಲ್ಲ.

2025ರ ಸೆಪ್ಟೆಂಬರ್ 22ರಿಂದ ಹಲವು ಸರಕುಗಳ ದರ ಇಳಿಯಿತು. ಜಮಾದ ಈ ನಿಯಮ ಹಾಗೇ ಇದೆ. ಹಾಗಾಗಿ 14ರ ಸಂಜೆ ಪಟ್ಟಿ ತೆಗೆದು, ಕಾಣದ ಬಿಲ್‌ಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಮಾರಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಬೇಕು. 3ಬಿ ಹಾಕಲು 20ರವರೆಗೆ ಸಮಯ. ಬಿಟ್ಟುಹೋದ ಜಮಾ ಮುಂದಿನ ತಿಂಗಳುಗಳಲ್ಲಿ ಪಡೆಯಬಹುದು, ಆದರೆ ಮಾರ್ಚ್‌ಗೆ ಮುಗಿದ ವರ್ಷದ್ದಕ್ಕೆ ನವೆಂಬರ್ 30 ಕೊನೆ.