ಒಂದು ಪೊಟ್ಟಣ, ಒಂದು ಲೀಟರ್ ನೀರು

ವಾಂತಿಭೇದಿಯಾದ ಮಗುವನ್ನು ಎತ್ತಿಕೊಂಡು ಬರುವ ತಾಯಂದಿರು ಹೆಚ್ಚಾಗಿ ಕೇಳುವುದು, ‘ಡಾಕ್ಟ್ರೇ, ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ’ ಎಂದೇ. ಮಗು ಚುರುಕಾಗಿದೆ, ಕೊಟ್ಟದ್ದನ್ನು ಕುಡಿಯುತ್ತಿದೆ, ಸೂಜಿ ಬೇಡವೆಂದು ಹೇಳಿ, ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿಯಾದ ಓಆರ್‌ಎಸ್‌ನ ಪೊಟ್ಟಣ ಕೊಟ್ಟರೆ ಅವರ ಮುಖ ಸಪ್ಪಗಾಗುತ್ತದೆ. ನರಕ್ಕೆ ಏರಿಸಿದ್ದೇ ಔಷಧ, ಬಾಯಿಗೆ ಹಾಕಿದ್ದು ಬರೀ ನೀರು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದೆ.

ಒಂದು ಕಾಲಕ್ಕೆ ವೈದ್ಯರಲ್ಲಿಯೂ ಇದೇ ನಂಬಿಕೆಯಿತ್ತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಕಿಕ್ಕಿರಿದಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರಾವಣ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ನಲ್ಲಿಯಿದ್ದ ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಭೇದಿಯಾಗುವಾಗಲೂ ಕರುಳು ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸನ್ನು ಒಟ್ಟಿಗೆ ಹೀರಿಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಹೋಗುತ್ತದೆ. ಸಕ್ಕರೆ ಮಿತಿಮೀರಿದರೆ ಮಾತ್ರ ಮೈಯೊಳಗಿನ ನೀರೇ ಕರುಳಿಗಿಳಿದು ಭೇದಿ ಜೋರಾಗುತ್ತದೆ.

ಆದ್ದರಿಂದ ಇಲ್ಲಿ ಅಳತೆಯೇ ಮುಖ್ಯ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ ಇದನ್ನು ಚೆನ್ನಾಗಿ ಅರಿತಿತ್ತು. 1980ರಿಂದ ಹತ್ತು ವರ್ಷ ಅದರ ಕಾರ್ಯಕರ್ತೆಯರು ಸುಮಾರು 1.2 ಕೋಟಿ ಮನೆಗಳಿಗೆ ಹೋಗಿ, ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ಕಲಿಸಿದರು. ತಾಯಂದಿರ ಕೈಯಿಂದಲೇ ಬೆರೆಸಿಸಿದರು. ಕೆಲವು ವಾರಗಳ ನಂತರ ಬೇರೊಬ್ಬರು ಹೋಗಿ, ಆ ತಾಯಿಗೆ ಎಷ್ಟು ನೆನಪಿದೆಯೆಂದು ಪರೀಕ್ಷಿಸುತ್ತಿದ್ದರು. ಕಾರ್ಯಕರ್ತೆಯ ಸಂಬಳ ನಿರ್ಧಾರವಾಗುತ್ತಿದ್ದುದು ಆ ನೆನಪಿನ ಮೇಲೆಯೇ. ಹಂಚಿದ ಕರಪತ್ರಗಳನ್ನು ಎಣಿಸಿ ತೃಪ್ತರಾಗುವ ನಮ್ಮ ಇಲಾಖೆಗಳ ವರದಿಗಳನ್ನು ಓದುವಾಗಲೆಲ್ಲ ನನಗೆ ಈ ಸಂಬಳದ ಲೆಕ್ಕ ನೆನಪಾಗುತ್ತದೆ.

ಈಗ ಪೊಟ್ಟಣ ಎಲ್ಲೆಡೆ ಸಿಗುತ್ತದೆ, ತಪ್ಪುಗಳೂ ಅದರೊಂದಿಗೇ ಬರುತ್ತವೆ. ಸುಮಾರು 21 ಗ್ರಾಮಿನ ದೊಡ್ಡ ಪೊಟ್ಟಣವನ್ನು ಇಡಿಯಾಗಿ ಒಂದು ಲೀಟರ್ ನೀರಿಗೆ ಹಾಕಬೇಕು. ಒಂದು ಲೋಟಕ್ಕೆ ಇಡೀ ಪೊಟ್ಟಣ ಸುರಿದರೆ ಮಗುವಿನ ರಕ್ತದಲ್ಲಿ ಉಪ್ಪು ಅಪಾಯಕರವಾಗಿ ಏರಬಹುದು. 200 ಮಿಲಿಲೀಟರ್ ನೀರಿಗೆ ಬೆರೆಸುವ ಚಿಕ್ಕ ಪೊಟ್ಟಣವೂ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳಂತೂ ಬೇರೆಯೇ ಕಥೆ. ಆ ಹೆಸರು ಬಳಸಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರಲ್ಲಷ್ಟೇ.

ನಾನು ಈಗ ತಾಯಿಯ ಕೈಗೆ ಲೀಟರ್ ಬಾಟಲಿ ಕೊಟ್ಟು, ನನ್ನೆದುರೇ ಬೆರೆಸಲು ಹೇಳುತ್ತೇನೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕುಡಿಸಬೇಕು; ಮಗು ಮಂಕಾದರೆ, ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ತರಬೇಕು. ಇಷ್ಟನ್ನು ಹೆಚ್ಚಿನವರು ಒಂದೇ ಸಲಕ್ಕೆ ಕಲಿಯುತ್ತಾರೆ. ಜೊತೆಗೆ ಕೊಡುವ 14 ದಿನದ ಜಿಂಕ್ ಮಾತ್ರೆಯದೇ ಕಷ್ಟ: ಮೂರನೆಯ ದಿನಕ್ಕೆ ಭೇದಿ ನಿಂತರೆ ಉಳಿದ ಹನ್ನೊಂದು ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತವೆ, ಅದಕ್ಕೆ ನನಗಿನ್ನೂ ಉಪಾಯ ಹೊಳೆದಿಲ್ಲ.